ಸುಣ್ಣ ಕೇಳುವ ವಿದ್ಯೆ

ಹೋದ ತಿಂಗಳು ರಾಬರ್ಟ್‌ಸನ್‌ಪೇಟೆಯಲ್ಲಿ ನಮ್ಮ ಟೀಚರಮ್ಮನವರಿಗೆ ಸಂತಾಪಸೂಚಕ ಸಭೆ ನಡೆಯಿತು. ಏಳು ಜನ ಮಾತಾಡಿದರು. ಏಳೂ ಜನ ಅವರನ್ನು ಕರುಣಾಮಯಿ ಎಂದರು, ನಿಸ್ವಾರ್ಥ ಸೇವೆಯ ಸಾಕಾರಮೂರ್ತಿ ಎಂದರು. ಒಬ್ಬರಂತೂ ತ್ಯಾಗಜ್ಯೋತಿ ಎಂದು ಹೇಳಿ ಕಣ್ಣೊರೆಸಿಕೊಂಡರು. ಅವರು ಟೀಚರಮ್ಮನವರನ್ನು ನೋಡಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಯಾವುದೋ ಉದ್ಘಾಟನೆಯಲ್ಲಿ, ಅಲ್ಲಿ ಇಬ್ಬರಿಗೂ ಜಗಳವಾಗಿತ್ತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು. ನನ್ನನ್ನೂ ಎರಡು ಮಾತು ಆಡಲು ಕರೆದರು. ಎದ್ದು ನಿಂತು, 'ಅವರು ನನಗೆ ಕೆಲಸ ಕಲಿಸಿದರು' ಎಂದಷ್ಟೇ ಹೇಳಿ ಕೂತುಬಿಟ್ಟೆ. ದುಃಖದಿಂದ ಮಾತು ಹೊರಡಲಿಲ್ಲ ಎಂದು ಜನ ತಿಳಿದರು. ತಿಳಿದುಕೊಳ್ಳಲಿ.

ನಿಜ ಹೇಳಬೇಕೆಂದರೆ ಟೀಚರಮ್ಮ ಕರುಣಾಮಯಿ ಅಲ್ಲ. ಅಷ್ಟು ಸಿಡುಕಿನ ಹೆಂಗಸನ್ನು ನಾನು ಬೇರೆ ನೋಡಿಲ್ಲ. ಸೇವೆ ಎಂಬ ಮಾತು ಅವರ ಕಿವಿಗೆ ಬಿದ್ದರೆ ಮೂಗಿನ ಮೇಲಿನ ಕನ್ನಡಕ ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ಅದು ಬೈಗುಳಕ್ಕೆ ಪೀಠಿಕೆ. 'ಸೇವೆ ಅನ್ನಬೇಡಿ, ಕೆಲಸ ಅನ್ನಿ. ಸೇವೆ ಅಂದ ತಕ್ಷಣ ಇವರು ನಿಮಗೆ ಸಂಬಳ ಕೊಡೋದನ್ನು ಮರೆತು ಹಾರ ಹಾಕ್ತಾರೆ' ಎನ್ನುತ್ತಿದ್ದರು. ಸತ್ತ ಮೇಲೆ ಅವರಿಗೇ ಹಾರ ಹಾಕಿದರು. ಪಟಕ್ಕೆ ದೊಡ್ಡ ಹಾರ, ಎರಡು ಎಳೆ ಸುಗಂಧರಾಜ.

ನಾನು ಅವರ ಕೈಗೆ ಸಿಕ್ಕಿದ್ದು ಐವತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ. ಅಪ್ಪ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತರು, ನಿವೃತ್ತಿ ಹತ್ತಿರವಾಗಿತ್ತು, ನನ್ನ ಕೆಳಗೆ ಇನ್ನೂ ಇಬ್ಬರು ತಂಗಿಯರು. ಎಸ್‌.ಎಸ್‌.ಎಲ್‌.ಸಿ. ಪಾಸಾಗಿ ಮನೆಯಲ್ಲಿ ಕೂತಿದ್ದ ನನ್ನನ್ನು ಯಾರೋ ಹೇಳಿದರೆಂದು ರಾಬರ್ಟ್‌ಸನ್‌ಪೇಟೆಯ ತರಬೇತಿ ಕೇಂದ್ರಕ್ಕೆ ಸೇರಿಸಿದರು. ಮಾರ್ಕೆಟ್ಟಿನ ಹಿಂದೆ ಒಂದು ಹೆಂಚಿನ ಮನೆ, ಅದೇ ಕೇಂದ್ರ. ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ ಲೈನುಗಳಲ್ಲೂ ಸುತ್ತಲ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಬಾಣಂತಿಯರ, ಮಕ್ಕಳ, ಕಾಯಿಲೆಯವರ ಯೋಗಕ್ಷೇಮ ನೋಡುವ ಕಾರ್ಯಕರ್ತೆಯರನ್ನು ತಯಾರು ಮಾಡುವುದು ಅಲ್ಲಿನ ಕೆಲಸ. ಮೈಸೂರು ಕಡೆಯ ಟೀಚರಮ್ಮ ಅದರ ಮುಖ್ಯಸ್ಥೆ. ಬಿಳಿ ಸೀರೆ, ಕಪ್ಪು ಅಂಚು, ಸವೆದ ಚಪ್ಪಲಿ, ದಾರ ಕಟ್ಟಿದ ಕನ್ನಡಕ. ಮದುವೆಯಾಗಿತ್ತೋ ಇಲ್ಲವೋ ನಮಗೆ ಗೊತ್ತಾಗಲಿಲ್ಲ, ಕೇಳುವ ಎದೆಗಾರಿಕೆಯೂ ಯಾರಿಗೂ ಇರಲಿಲ್ಲ. ಪೆನ್ಸಿಲನ್ನು ಎರಡೂ ತುದಿಗೆ ಹೆರೆದು ಇಟ್ಟುಕೊಳ್ಳುತ್ತಿದ್ದರು. ಒಂದು ತುದಿ ಮುರಿದರೆ ಇನ್ನೊಂದು ಚೂಪು ಇರಬೇಕು, ಜನ ಮಾತಾಡುವಾಗ ಬ್ಲೇಡು ಹುಡುಕುತ್ತ ಕೂರಬಾರದು ಎಂಬುದು ಅವರ ಲೆಕ್ಕ.

ಅವರ ಹತ್ತಿರ ಒಂದು ಉದ್ದನೆಯ ಪುಸ್ತಕವಿತ್ತು. ಪ್ರತಿ ಹಾಳೆಯಲ್ಲೂ ಕಾರ್ಯಕರ್ತೆಯ ಹೆಸರು, ಮನೆಯ ಗುರುತು, ಆಮೇಲೆ ಎರಡು ಕಾಲಂ: ಮೊದಲನೇ ಸಲ, ಎರಡನೇ ಸಲ. ಮೊದಲನೇ ಸಲ ಯಾರ ಮನೆಗೆ ಹೋದರೂ ಏನನ್ನೂ ವಿಚಾರಿಸಬಾರದು, ಪುಸ್ತಕ ಬಿಚ್ಚಬಾರದು. ಸುಮ್ಮನೆ ಕೂತು ಎದ್ದು ಬರಬೇಕು. ಎರಡನೇ ಸಲ ಹೋದಾಗ ಆ ಮನೆಯವರು ಬಾಗಿಲಲ್ಲೇ ನಿಲ್ಲಿಸಿದರೋ, ಒಳಗೆ ಕರೆದರೋ, ಚಾಪೆ ಹಾಕಿದರೋ, ಕೇಳದೆಯೇ ಕಷ್ಟ ಹೇಳಿಕೊಂಡರೋ, ಇದನ್ನು ಬರೆಯಬೇಕು. ಯಾವ ಕಾರ್ಯಕರ್ತೆಗೆ ಎಷ್ಟು ಬಾಗಿಲು ತೆರೆಯುತ್ತದೆ, ಯಾಕೆ ತೆರೆಯುತ್ತದೆ, ಎಂಥವರನ್ನು ಈ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದು ಮೂರು ವರ್ಷ ಕೂತು ಶೋಧಿಸಿದರು. 'ಮೊದಲನೇ ಸಲ ಯಾರು ಬೇಕಾದರೂ ಹೋಗ್ತಾರೆ' ಎಂದು ಗೊಣಗುತ್ತಿದ್ದರು. ಇಂಥದೊಂದು ಸಂಶೋಧನೆ ಬೇಕೆಂದು ಅವರನ್ನು ಯಾರೂ ಕೇಳಿರಲಿಲ್ಲ. ಕೇಂದ್ರವನ್ನು ನಡೆಸುತ್ತಿದ್ದ ಸರ್ಕಾರಿ ಇಲಾಖೆಗೆ ಬೇಕಾಗಿದ್ದದ್ದು ಎಷ್ಟು ಮನೆ ಭೇಟಿ ಆಯಿತೆಂಬ ಒಂದು ಸಂಖ್ಯೆ.

ಅವರ ವಿದ್ಯೆಯಲ್ಲಿ ಒಂದು ದೊಡ್ಡ ತಪ್ಪಿತ್ತು. ಹೊಸ ಮನೆಗೆ ಹೋದರೆ ಮೊದಲು ಕುಡಿಯಲು ನೀರು ಕೇಳಬೇಕು, ಕೊಟ್ಟವರಿಗೂ ಕುಡಿದವರಿಗೂ ಸಲಿಗೆ ಬೆಳೆಯುತ್ತದೆ ಎಂದು ಕಲಿಸುತ್ತಿದ್ದರು. ಕಾವೇರಿ ನೀರು ಕುಡಿದು ಬೆಳೆದವರು, ಪಾಪ. ಮೊದಲ ವಾರ ನನ್ನನ್ನು ಒಂದು ಲೈನಿಗೆ ಕಳಿಸಿದರು. ದಾರಿ ತೋರಿಸಲು ಜೊತೆಗೆ ಮುನಿಯಮ್ಮ. ಈಕೆ ಕ್ಯಾಸಂಬಳ್ಳಿಯ ಕೂಲಿ ಹೆಂಗಸು, ಕೇಂದ್ರದಲ್ಲಿ ಕಸ ಗುಡಿಸಿ ನೀರು ತುಂಬಲು ಬರುತ್ತಿದ್ದಳು. ಓದು ಬರಹ ಇಲ್ಲ. ನಾನು ಹೋದ ಮನೆಯಾಕೆಯನ್ನು ನೀರು ಕೇಳಿದೆ. ಆಕೆ ನನ್ನನ್ನು ನೋಡಿದಳು, ಮೂಲೆಯಲ್ಲಿದ್ದ ಬಿಂದಿಗೆಯನ್ನು ನೋಡಿದಳು, ಅರ್ಧ ಲೋಟ ತಂದುಕೊಟ್ಟಳು. ಮುಂದಿನ ವಾರ ಹೋದಾಗ ಬಾಗಿಲು ತೆರೆಯಲೇ ಇಲ್ಲ. ಒಳಗೆ ಮಗುವಿನ ಸದ್ದು ಕೇಳುತ್ತಿತ್ತು.

ನಾನು ಬಂದು ಬಾಗಿಲು ಹಾಕಿತ್ತು ಎಂದು ಬರೆಸಿದೆ. ಕಸಬರಿಗೆ ಹಿಡಿದು ನಿಂತಿದ್ದ ಮುನಿಯಮ್ಮ ಅಲ್ಲಿಂದಲೇ ಹೇಳಿದಳು. 'ಇಲ್ಲಿ ನೀರು ಕೇಳ್ಬಾರ್ದು ಟೀಚರಮ್ಮ. ಒಂದು ಬಿಂದಿಗೆಗೆ ಆಯಮ್ಮ ಬೆಳಕರಿಯಕ್ ಮುಂಚೆ ಓಗಿ ನಿಂತ್ಕೊಂಡಿರ್ತಾಳೆ. ಅವಳ ಹತ್ರ ಓಗಿ ನೀರು ಕೊಡು ಅಂದ್ರೆ ಎಂಗೆ?'

'ಮತ್ತೇನು ಕೇಳಬೇಕು?'

'ಸುಣ್ಣ ಕೇಳ್ಬೇಕು. ಸುಣ್ಣ ಎಲ್ರ ಮನೇಲೂ ಇರ್ತದೆ. ಉಗುರಲ್ಲಿ ಒಂಚೂರು ಕೊಟ್ರೆ ಕರಗೋಗಲ್ಲ. ಎಲೆ ಮಡ್ಚೋಗಂಟ ಕೂತ್ಕೋಬೇಕು, ಅಗಿಯೋಗಂಟ ಕೂತ್ಕೋಬೇಕು. ಅಷ್ಟ್ರಲ್ಲಿ ಅವಳೇ ಮಾತಾಡ್ತಾಳೆ.'

ನಾನು ಒಳಗೊಳಗೇ ನಕ್ಕೆ. ಕಸ ಗುಡಿಸುವವಳು ಬಂದು ಟೀಚರಮ್ಮನವರಿಗೆ ಪಾಠ ಹೇಳುತ್ತಿದ್ದಾಳೆ, ಈಗ ಕನ್ನಡಕ ಮೇಜಿನ ಮೇಲೆ ಬರುತ್ತದೆ ಎಂದು ಕಾದೆ. ಬರಲಿಲ್ಲ. ಟೀಚರಮ್ಮ ಪೆನ್ಸಿಲು ಎತ್ತಿಕೊಂಡು, 'ಇನ್ನೊಂದು ಸಲ ಹೇಳು, ನಿಧಾನಕ್ಕೆ' ಎಂದರು. ತಾವೇ ಬರೆದಿದ್ದ ನಿಯಮಕ್ಕೆ ಅಡ್ಡಗೆರೆ ಎಳೆದರು. ಮಾರನೆಯ ದಿನ ಮಾರ್ಕೆಟ್ಟಿನಿಂದ ವೀಳ್ಯದೆಲೆ, ಅಡಿಕೆ, ಬಟ್ಟೆಯ ಸಂಚಿ ಎಲ್ಲ ತರಿಸಿದರು. ಹುಟ್ಟಿದಾಗಿನಿಂದ ಎಲೆ ಬಾಯಿಗೆ ಹಾಕಿದವರಲ್ಲ. ಮೊದಲ ದಿನ ಅಡಿಕೆ ಎದೆ ಹಿಡಿದು ಬೆವರಿ ಗೋಡೆಗೆ ಒರಗಿ ಕೂತರು. ಸುಣ್ಣ ಜಾಸ್ತಿಯಾಗಿ ಬಾಯಿ ಸುಟ್ಟುಕೊಂಡು ಎರಡು ದಿನ ಬರೀ ಮಜ್ಜಿಗೆ ಅನ್ನ ಉಂಡರು. ಮೂರನೆಯ ದಿನ ಮತ್ತೆ ಹಾಕಿಕೊಂಡರು. ನಾವೆಲ್ಲ ಹಾಕಿಕೊಳ್ಳಬೇಕೆಂದೂ ಅಪ್ಪಣೆಯಾಯಿತು. ಕೆಂಪು ಬಾಯಿ ಮಾಡಿಕೊಂಡು ರೈಲಿನಲ್ಲಿ ಬಂದ ನನ್ನನ್ನು ನೋಡಿ ಅಮ್ಮ ಹಣೆ ಚಚ್ಚಿಕೊಂಡಳು. ಮದುವೆಯಾಗಬೇಕಾದ ಹುಡುಗಿಗೆ ಇದೆಂಥ ಉದ್ಯೋಗ ಎಂದಳು. ಮಾರನೆಯ ದಿನದಿಂದ ನಾನು ಸಂಚಿ ಹಿಡಿದುಕೊಂಡು ಹೋಗುತ್ತಿದ್ದೆ, ಎಲೆ ಹಾಕಿಕೊಳ್ಳುತ್ತಿರಲಿಲ್ಲ.

ಮುನಿಯಮ್ಮನನ್ನು ಟೀಚರಮ್ಮ ಕಸಬರಿಗೆಯಿಂದ ಬಿಡಿಸಿ ನಮ್ಮ ಜೊತೆ ಕೂರಿಸಿದರು. ಆಮೇಲೆ ನೋಡಬೇಕಿತ್ತು. ತಮಿಳರ ಲೈನಿನಲ್ಲಿ 'ಅಕ್ಕಾ, ಕೊಂಜಂ ಸುಣ್ಣಾಂಬು ಕುಡು' ಎನ್ನುವಳು, ತೆಲುಗಿನವರ ಬೀದಿಯಲ್ಲಿ 'ಕೊಂಚೆಂ ಸುನ್ನಂ ಇಯ್ಯಕ್ಕಾ' ಎನ್ನುವಳು, ಹಳ್ಳಿಗೆ ಬಂದರೆ 'ಒಂಚೂರು ಸುಣ್ಣ ಇದ್ರೆ ಕೊಡಕ್ಕ'. ಹೊಸ್ತಿಲ ಪಕ್ಕದಲ್ಲಿ ಮಂಡಿ ಮಡಿಸಿ ಕೂತಳೆಂದರೆ ಆ ಮನೆಯಲ್ಲೇ ಹುಟ್ಟಿದವಳ ಹಾಗೆ ಕಾಣುವಳು. ಗಂಡನ ಕೆಮ್ಮನ್ನು ಗಣಿಯವರಿಗೆ ಗೊತ್ತಾಗದಂತೆ ಮುಚ್ಚಿಟ್ಟವಳು ಅವಳ ಹತ್ತಿರ ಅತ್ತಳು. ಐದನೇ ಬಸಿರನ್ನು ಯಾರಿಗೂ ಹೇಳದವಳು ಅವಳಿಗೆ ಹೇಳಿದಳು. ನಾನು ಎಷ್ಟೋ ಸಲ ಅವಳ ಜೊತೆ ಹೋಗುತ್ತಿದ್ದೆ, ಮೆಟ್ಟಿಲ ಮೇಲೆ ಕೂತು ಸೀರೆಯ ಧೂಳು ಕೊಡವುತ್ತಿದ್ದೆ. ಒಳಗೆ ಕರೆಯುತ್ತಿದ್ದದ್ದು ಅವಳನ್ನು. ಎರಡನೇ ಸಲದ ಕಾಲಮ್ಮಿನಲ್ಲಿ ಮುನಿಯಮ್ಮನ ಹೆಸರಿನ ಮುಂದೆ ಸಾಲುಸಾಲಾಗಿ 'ಚಾಪೆ ಹಾಕಿದರು' ಎಂದಿತ್ತು. ನಮ್ಮ ಹೆಸರಿನ ಮುಂದೆ ಸಾಲುಸಾಲಾಗಿ 'ಬಾಗಿಲಲ್ಲಿ'.

ಅಷ್ಟರಲ್ಲಿ ನಮ್ಮ ಹಿಂದಿನ ತಂಡದ ಹುಡುಗಿಯರು ಒಬ್ಬೊಬ್ಬರೇ ಕೆಲಸ ಬಿಡುತ್ತಿದ್ದರು. ಬೂದಿಕೋಟೆಗೆ ಹಾಕಿದ್ದ ಹುಡುಗಿ ಆರು ತಿಂಗಳಿಗೆ ಬಿಟ್ಟಳು. ಇಲಾಖೆಯ ಕಾಗದದಲ್ಲಿ ಕಾರಣ ವಿವಾಹ ಎಂದು ಬರೆದಿತ್ತು. ಟೀಚರಮ್ಮ ನನ್ನನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಬೂದಿಕೋಟೆಗೆ ಹೋದರು. ಆ ಹುಡುಗಿಗೆ ಇರಲು ಕೊಟ್ಟಿದ್ದು ದನದ ಕೊಟ್ಟಿಗೆಗೆ ಅಂಟಿದ ಒಂದು ಕೋಣೆ. ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿಲ್ಲ. ಚಿಲಕ ಹಾಕಿಸಿಕೊಡಿ ಎಂದು ಮೂರು ಸಲ ಬರೆದಿದ್ದಳಂತೆ. ಮೂರು ತಿಂಗಳು ಬಾಗಿಲಿಗೆ ಟ್ರಂಕು ಒತ್ತಿಟ್ಟು ಮಲಗಿ, ಆಮೇಲೆ ಮೊದಲು ಬಂದ ಗಂಡಿಗೆ ಹೂಂ ಅಂದಿದ್ದಳು. ವಾಪಸು ಬರುವಾಗ ಟೀಚರಮ್ಮ ಬಸ್ಸಿನಲ್ಲೇ ಇಲಾಖೆಗೆ ಕಾಗದ ಬರೆದರು: ಕಾರಣ ವಿವಾಹ ಅಲ್ಲ, ಚಿಲಕ. ಅದಕ್ಕೆ ಉತ್ತರ ಬಂತು. ಕಾಗದವನ್ನು ನಿಗದಿತ ನಮೂನೆಯಲ್ಲಿ ಕಳುಹಿಸತಕ್ಕದ್ದು ಎಂದು.

 

ನನ್ನ ಕೈಬರಹ ದುಂಡಗಿತ್ತು. ಮುನಿಯಮ್ಮನ ಭೇಟಿಗಳನ್ನೆಲ್ಲ ಬೇರೆ ಪುಸ್ತಕಗಳಲ್ಲಿ ವಿವರವಾಗಿ ಬರೆದುಕೊಳ್ಳುವ ಕೆಲಸವನ್ನು ನನಗೆ ಹಚ್ಚಿದರು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯಬೇಕು, ಒಂದು ಅಕ್ಷರ ತಿದ್ದಬಾರದು ಎಂದು ಕಟ್ಟಪ್ಪಣೆ. ಹಾಗಾಗಿ ಆ ಪುಸ್ತಕಗಳಲ್ಲೆಲ್ಲ ನಾನು ಹೋದೆ, ನಾನು ಸುಣ್ಣ ಕೇಳಿದೆ, ನನ್ನನ್ನು ಒಳಗೆ ಕರೆದರು ಎಂದೇ ಇತ್ತು. ಪ್ರತಿ ಹಾಳೆಯ ಕೊನೆಗೆ ಹೆಸರಿನ ಬದಲು ಅವಳ ಹೆಬ್ಬೆಟ್ಟು ಒತ್ತಿಸಬೇಕಾಗಿತ್ತು. ಮಸಿಯ ಡಬ್ಬಿ ಎರಡು ತಿಂಗಳಿಗೇ ಒಣಗಿತು. ಹೊಸದು ತರಿಸಿ ಎಂದು ಟೀಚರಮ್ಮನಿಗೆ ಜ್ಞಾಪಿಸಬೇಕಾದವಳು ನಾನು. ನಾಳೆ ಒತ್ತಿಸಿದರಾಯಿತು ಎಂದುಕೊಂಡು ಬಿಟ್ಟೆ. ಮೂರು ಪುಸ್ತಕ ತುಂಬಿದವು, ಹೆಬ್ಬೆಟ್ಟು ಮೊದಲ ಕೆಲವು ಹಾಳೆಗೆ ನಿಂತುಹೋಗಿತ್ತು. ಯಾವ ದುರುದ್ದೇಶವೂ ಇರಲಿಲ್ಲ, ಬರೀ ಸೋಮಾರಿತನ. ಹಾಗೆಂದು ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಆಗ ಕೇಂದ್ರಕ್ಕೆ ಒಂದು ಕಾಯಂ ಹುದ್ದೆ ಮಂಜೂರಾಯಿತು. ಒಂದೇ ಒಂದು. ಟೀಚರಮ್ಮ ಅದು ಮುನಿಯಮ್ಮನಿಗೆ ಸಿಗಬೇಕೆಂದು ಹಟ ಹಿಡಿದರು. ಎಸ್‌.ಎಸ್‌.ಎಲ್‌.ಸಿ. ಆಗಿರಬೇಕೆಂಬುದು ನಿಯಮ. ಅಸಾಧಾರಣ ಕೆಲಸ ಮಾಡಿದ್ದರೆ ನಿಯಮ ಸಡಿಲಿಸಬಹುದೆಂದು ಅದರ ಕೆಳಗೇ ಸಣ್ಣಕ್ಷರದಲ್ಲಿತ್ತು. ಆ ಸಣ್ಣಕ್ಷರ ಹಿಡಿದುಕೊಂಡು ಬಂಗಾರಪೇಟೆಯಿಂದ ಬೆಂಗಳೂರಿಗೆ ಎಷ್ಟು ಸಲ ರೈಲು ಹತ್ತಿದರೋ. ನಮ್ಮ ಮನೆಗೆ ಬಂದು ಅಮ್ಮನ ಕೈಲಿ ಕಾಫಿ ಕುಡಿದು ಸ್ಟೇಷನ್ನಿಗೆ ಹೋಗುತ್ತಿದ್ದರು, ಸಾಯಂಕಾಲ ಬಾಡಿದ ಮುಖ ಹೊತ್ತು ವಾಪಸಾಗುತ್ತಿದ್ದರು. ನಾನೂ ಆ ಹುದ್ದೆಗೆ ಅರ್ಜಿ ಹಾಕಿದ್ದು ಅವರಿಗೆ ಗೊತ್ತಿತ್ತು. ಹಾಕಬೇಡ ಎನ್ನಲಿಲ್ಲ.

ಕೊನೆಗೆ ಒಬ್ಬ ಅಧಿಕಾರಿ ಬಂದರು. ಕೆಟ್ಟವರಲ್ಲ. ಮೆತ್ತಗೆ ಮಾತಾಡುವ, ತಾಳ್ಮೆಯ ಮನುಷ್ಯ. ಮೂರೂ ಪುಸ್ತಕಗಳನ್ನು ಅರ್ಧ ಬೆಳಗು ಕೂತು ಓದಿದರು. ಇಂಥ ಕೆಲಸವನ್ನು ತಾವು ಎಲ್ಲೂ ನೋಡಿಲ್ಲ ಎಂದರು. ಟೀಚರಮ್ಮನ ಮುಖ ಅರಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಇದೆಲ್ಲ ಮುನಿಯಮ್ಮನ ಕೆಲಸ, ನಿಯಮ ಸಡಿಲಿಸಲು ಇದಕ್ಕಿಂತ ಬೇರೆ ಆಧಾರ ಬೇಕಿಲ್ಲ ಎಂದು ಟೀಚರಮ್ಮ ಹೇಳಿದರು. ಅಧಿಕಾರಿ ಹಾಳೆ ತಿರುವಿದರು. ಮೊದಲ ಕೆಲವು ಹಾಳೆ ಬಿಟ್ಟರೆ ಸಹಿ ಇಲ್ಲ, ಹೆಬ್ಬೆಟ್ಟು ಇಲ್ಲ. ನಾನು ಹೋದೆ, ನಾನು ಕೇಳಿದೆ, ಎಲ್ಲ ದುಂಡನೆಯ ಅಕ್ಷರ. ಅವರು ತಲೆಯೆತ್ತಿ ನನ್ನನ್ನು ನೋಡಿದರು.

'ಈ ಬರವಣಿಗೆ ನಿನ್ನದೇನಮ್ಮ?'

'ಹೌದು ಸಾರ್.'

'ಈ ಮನೆಗಳಿಗೆಲ್ಲ ನೀನು ಹೋಗಿದ್ದೆಯಾ?'

'ಹೋಗಿದ್ದೆ ಸಾರ್.'

ಎರಡೂ ಸುಳ್ಳಲ್ಲ. ಇನ್ನೊಂದು ವಾಕ್ಯ ಬೇಕಾಗಿತ್ತು, ಒಳಗೆ ಕರೆದದ್ದು ಅವಳನ್ನು, ಮಾತೆಲ್ಲ ಅವಳದು ಎಂದು. ಟೀಚರಮ್ಮ ನನ್ನ ಕಡೆ ತಿರುಗಿ ಕಾದರು. ಹಿತ್ತಲಲ್ಲಿ ಮುನಿಯಮ್ಮ ಅಧಿಕಾರಿಯ ಕಾಫಿ ಲೋಟ ತೊಳೆಯುತ್ತಿದ್ದ ಸದ್ದು ಬರುತ್ತಿತ್ತು. ನನ್ನ ಕಣ್ಣ ಮುಂದೆ ಅಪ್ಪ ಬಂದರು, ತಂಗಿಯರು ಬಂದರು. ನಾನು ತಲೆ ತಗ್ಗಿಸಿ ನಿಂತೆ. ಟೀಚರಮ್ಮ ತಾವೇ ಮತ್ತೆ ಮತ್ತೆ ಹೇಳಿದರು, ದನಿ ಏರಿಸಿ ಹೇಳಿದರು, ಬೇಕಾದರೆ ಆ ಮನೆಗಳಿಗೇ ಹೋಗಿ ಕೇಳಿ ಎಂದು ಗೋಗರೆದರು. ಅಧಿಕಾರಿ ಸಮಾಧಾನ ಮಾಡುವ ನಗೆ ನಕ್ಕರು. ಬಡ ಹೆಂಗಸಿನ ಮೇಲೆ ನಿಮಗಿರುವ ಮಮತೆ ನನಗೆ ಅರ್ಥವಾಗುತ್ತದೆ ಎಂದರು. ಮಮತೆಯಂತೆ! ಮೂರು ವರ್ಷದ ಶೋಧನೆಗೆ ಸಿಕ್ಕ ಹೆಸರು ಅದು.

ನೇಮಕದ ಆದೇಶ ನನ್ನ ಹೆಸರಿಗೆ ಬಂತು. ಬೇಡ, ಬಿಟ್ಟುಬಿಡುತ್ತೇನೆ ಎಂದು ಟೀಚರಮ್ಮನ ಮುಂದೆ ಅತ್ತೆ. ಅವರು ಕನ್ನಡಕ ತೆಗೆಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. 'ಬಿಡಬೇಡ. ನೀನು ಬಿಟ್ಟರೆ ಅವಳಿಗೆ ಬರೋಲ್ಲ, ಇನ್ನೊಬ್ಬ ಎಸ್‌.ಎಸ್‌.ಎಲ್‌.ಸಿ.ಗೆ ಹೋಗುತ್ತೆ. ನೀನಾದರೂ ಸುಣ್ಣ ಕೇಳೋದು ಕಲಿತಿದ್ದೀಯ' ಎಂದು ಹೇಳಿ ಪೆನ್ಸಿಲು ಹೆರೆಯುತ್ತ ಕೂತರು. ಮುನಿಯಮ್ಮ ಆ ವಾರವೇ ಕೇಂದ್ರಕ್ಕೆ ಬರುವುದನ್ನು ನಿಲ್ಲಿಸಿದಳು. ಎಂಟು ವರ್ಷ ನಾನು ಅವಳನ್ನು ನೋಡಲಿಲ್ಲ.

ಟೀಚರಮ್ಮನ ಶೋಧನೆ ಬೆಂಗಳೂರಿನ ಯಾವುದೋ ಬೀರುವಿನಲ್ಲಿ ಕೂತಿತು. ಅವರು ಅದನ್ನು ಇನ್ನೆರಡು ಸಲ ಬರೆದು ಕಳಿಸಿದರು. ಕೇಂದ್ರ ಮುಚ್ಚಿತು, ಅವರನ್ನು ಫೈಲು ನೋಡುವ ಕುರ್ಚಿಗೆ ಹಾಕಿದರು, ಅಲ್ಲಿಂದಲೇ ನಿವೃತ್ತಿಯಾಯಿತು. ನಾನು ಮೇಲೆ ಮೇಲೆ ಹೋಗಿ ಈಗ ಮೇಲ್ವಿಚಾರಕಿ. ಹೊಸ ಹುಡುಗಿಯರ ಅರ್ಜಿಗಳು ನನ್ನ ಮೇಜಿಗೆ ಬರುತ್ತವೆ, ವಿದ್ಯಾರ್ಹತೆಯ ಕಾಲಮ್ಮಿಗೆ ನಾನೇ ಟಿಕ್ಕು ಹಾಕುತ್ತೇನೆ. ಎರಡನೇ ಸಲ ಎಂಬ ಕಾಲಂ ಆ ನಮೂನೆಯಲ್ಲಿ ಇಲ್ಲ. ಅದನ್ನು ಸೇರಿಸಿ ಎಂದು ಒಂದು ಸಲವೂ ನಾನು ಮೇಲಕ್ಕೆ ಬರೆದಿಲ್ಲ.

ಸಂತಾಪದ ಸಭೆಯ ಮೂರನೇ ದಿನ ಕ್ಯಾಸಂಬಳ್ಳಿಗೆ ಹೋದೆ. ಮುನಿಯಮ್ಮ ರಾಗಿ ಹೊಲದ ಕಳೆ ಮುಗಿಸಿ ಬಂದು ಜಗುಲಿಯ ಮೇಲೆ ಕೂತಿದ್ದಳು. ಕೂದಲು ನೆರೆತಿತ್ತು. ನನ್ನ ಗುರುತು ತಕ್ಷಣ ಹಿಡಿದಳು, ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಟೀಚರಮ್ಮ ಹೋದರು ಎಂದು ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, 'ಬೈಯೋರು ಒಬ್ರಿದ್ರು, ಅವ್ರೂ ಓದ್ರು' ಎಂದಳು. ಸಭೆಯ ಏಳು ಜನರಲ್ಲಿ ಒಬ್ಬರಿಗೂ ಈ ಮಾತು ಹೊಳೆದಿರಲಿಲ್ಲ.

ನಾನು ಬಂದ ಕೆಲಸ ನಾಲಿಗೆಗೆ ಬರಲಿಲ್ಲ. ಏನು ಮಾಡಲಿ, ಇಷ್ಟು ವರ್ಷದ ಅಭ್ಯಾಸ, ಒಂಚೂರು ಸುಣ್ಣ ಇದ್ದರೆ ಕೊಡು ಎಂದೆ. ಮುನಿಯಮ್ಮ ನನ್ನನ್ನು ದಿಟ್ಟಿಸಿ ನೋಡಿದಳು. ನಗಲಿಲ್ಲ. ಒಳಗಿನಿಂದ ಎಲೆ, ಅಡಿಕೆ, ಸುಣ್ಣದ ಕಾಯಿ ತಂದು ನನ್ನ ಮುಂದೆ ಇಟ್ಟಳು. ನಾನು ಎಲೆ ಮಡಿಸಿ ಬಾಯಿಗೆ ಹಾಕಿಕೊಂಡೆ. ಕಷ್ಟಪಟ್ಟು ಅಗಿದೆ. ಕೊನೆಗೆ ಧೈರ್ಯ ಮಾಡಿ, 'ಮುನಿಯಮ್ಮ, ಅವತ್ತು ಆ ಆಫೀಸರು ಬಂದಿದ್ದಾಗ' ಎಂದು ಶುರುಮಾಡಿದೆ.

ಅವಳು ಕೈ ಎತ್ತಿ ತಡೆದಳು. 'ಎಂಟು ವರ್ಷಕ್ಕೆ ಮೊದಲ್ನೇ ಸಲ ಬಂದಿದ್ದೀಯ ಅಮ್ಮಣ್ಣಿ. ಮೊದಲ್ನೇ ಸಲ ಓದಾಗ ಏನೂ ಕೇಳ್ಬಾರ್ದು ಅಂತ ಟೀಚರಮ್ಮ ಯೋಳ್ಕೊಟ್ಟಿಲ್ವಾ? ಇನ್ನೊಂದ್ ಸಲ ಬಾ. ಆಗ ಕೇಳೀವಂತೆ.'

ಬಸ್ಸು ಬರುವ ಹೊತ್ತಾಯಿತೆಂದು ಅವಳೇ ಎಬ್ಬಿಸಿ ಕಳಿಸಿದಳು.

ಅದಾಗಿ ಮೂರು ಭಾನುವಾರ ಕಳೆದವು. ಒಂದು ಭಾನುವಾರ ತಲೆನೋವು. ಇನ್ನೊಂದು ಭಾನುವಾರ ಮನೆಗೆ ನೆಂಟರು ಬಂದರು. ನಿನ್ನೆ ಏನೂ ಇರಲಿಲ್ಲ. ಸ್ಟ್ಯಾಂಡಿನವರೆಗೂ ನಡೆದುಕೊಂಡು ಹೋಗಿದ್ದೆ. ಕ್ಯಾಸಂಬಳ್ಳಿಯ ಬಸ್ಸು ಕಣ್ಣೆದುರಿಗೇ ಜನರನ್ನು ತುಂಬಿಕೊಂಡು ಹೊರಟಿತು. ಕಂಡಕ್ಟರು, ಬರ್ತೀರೇನಮ್ಮ ಎಂದು ಕೇಳಿದ. ನಾನು ಹತ್ತಲಿಲ್ಲ.